ಬಂಡೆಗೆ ಕೊಟ್ಟ ಅಂಕಗಳು



ಉತ್ತರಪತ್ರಿಕೆಗೆ ಅಂಕ ಕೊಡುವುದು ಉಪಾಧ್ಯಾಯರ ಕೆಲಸ. ಬಂಡೆಗೂ ಅಂಕ ಕೊಡುವವರಿದ್ದಾರೆ ಎಂದರೆ ನಿಮ್ಮಲ್ಲಿ ಹಲವರಿಗೆ ಆಶ್ಚರ್ಯವಾದೀತು. ಶಿಲಾರೋಹಿಗಳು ತಾವು ಏರುವ ಪ್ರತಿಯೊಂದು ದಾರಿಗೂ ಅದರ ಕಷ್ಟಕ್ಕೆ ತಕ್ಕ ದರ್ಜೆಯನ್ನು ನಿಗದಿಪಡಿಸುತ್ತಾರೆ. ಆದರೆ ಒಂದು ದೇಶದ ದರ್ಜೆಯನ್ನು ಇನ್ನೊಂದು ದೇಶದ ದರ್ಜೆಯೊಡನೆ ತೂಗಿ ನೋಡುವುದು ಸುಲಭವಲ್ಲ. ಇದರ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ.

1894ರಲ್ಲಿ ಆಸ್ಟ್ರಿಯಾದ ಫ್ರಿಟ್ಜ್ ಬೆನೆಶ್ ಎಂಬುವರು ಏಳು ಮೆಟ್ಟಿಲುಗಳ ಕ್ರಮವೊಂದನ್ನು ರೂಪಿಸಿದರು. ಅದರಲ್ಲಿ ಏಳನೆಯದು ಅತಿ ಸುಲಭ, ಒಂದನೆಯದು ಅತಿ ಕಠಿಣ. ಮುಂದೆ ಅದಕ್ಕಿಂತ ಕಠಿಣವಾದ ದಾರಿಗಳನ್ನು ಜನ ಏರಿದಾಗ ಒಂದರ ಆಚೆಗೆ ಅಂಕಿಯೇ ಉಳಿದಿರಲಿಲ್ಲ. ಸೊನ್ನೆಯನ್ನೂ ಆಮೇಲೆ ಜೋಡಿ ಸೊನ್ನೆಯನ್ನೂ ಸೇರಿಸಬೇಕಾಯಿತು! ಇತ್ತ ಇಂಗ್ಲೆಂಡಿನಲ್ಲಿ 1897ರಲ್ಲಿ ಓವೆನ್ ಗ್ಲಿನ್ ಜೋನ್ಸ್ ಅವರು ಲೇಕ್ ಡಿಸ್ಟ್ರಿಕ್ಟ್ ಪ್ರದೇಶದ ದಾರಿಗಳನ್ನು ಸುಲಭ, ಸಾಧಾರಣ, ಕಷ್ಟ, ಅಸಾಧಾರಣ ಕಠಿಣ ಎಂದು ನಾಲ್ಕಾಗಿ ವಿಂಗಡಿಸಿದರು. ಅವರು ಲಂಡನ್ನಿನ ಶಾಲೆಯೊಂದರಲ್ಲಿ ವಿಜ್ಞಾನದ ಉಪಾಧ್ಯಾಯರಾಗಿದ್ದರು ಎಂಬುದು ನನಗೆ ವಿಶೇಷ ಸಂತೋಷದ ಸಂಗತಿ.

1920ರ ದಶಕದಲ್ಲಿ ಜರ್ಮನಿಯ ವಿಲ್ಲೊ ವೆಲ್ಜೆನ್‌ಬಾಖ್ ಅವರು ಬೆನೆಶ್‌ರ ಕ್ರಮವನ್ನು ತಿರುಗಿಸಿ, ಒಂದು ಸುಲಭ, ಆರು ಮಾನವಶಕ್ತಿಯ ಪರಮಾವಧಿ ಎಂದು ಗೊತ್ತುಮಾಡಿದರು. ಪರಮಾವಧಿಯನ್ನು ಮೊದಲೇ ಸಾರಿಬಿಟ್ಟರೆ ಮುಂದಿನ ಪೀಳಿಗೆಗೆ ಏನು ಗತಿ? ಏರುವವರ ಸಾಮರ್ಥ್ಯ ಬೆಳೆಯುತ್ತ ಹೋದರೂ ಕಠಿಣವಾದುದೆಲ್ಲವನ್ನೂ ಆರರಲ್ಲಿಯೇ ತುರುಕಬೇಕಾಯಿತು. 1977ರಲ್ಲಿ ರೈನ್‌ಹಾರ್ಡ್ ಕಾರ್ಲ್ ಮತ್ತು ಹೆಲ್ಮುಟ್ ಕೀನೆ ಆಸ್ಟ್ರಿಯಾದಲ್ಲಿ ಪುಂಪ್ರಿಸ್ಸೆ ಎಂಬ ದಾರಿಯನ್ನು ಏರಿ ಅದಕ್ಕೆ ಏಳು ಎಂದು ಅಂಕ ಕೊಟ್ಟ ಮೇಲೆಯೇ ಆ ಬಾಗಿಲು ತೆರೆಯಿತು.

ಅಮೆರಿಕದ ಕಥೆ ಇನ್ನೂ ಸ್ವಾರಸ್ಯಕರ. ಹಗ್ಗದ ರಕ್ಷಣೆಯೊಡನೆ ಬಂಡೆ ಏರುವುದು ಅಲ್ಲಿ ಐದನೆಯ ವರ್ಗ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಟಾಕ್ವಿಟ್ಜ್ ಬಂಡೆಯಲ್ಲಿ ಆ ವರ್ಗವನ್ನು 5.0ಯಿಂದ 5.9ರವರೆಗೆ ವಿಭಾಗಿಸಿದರು. 5.9 ಮೀರಿದಾಗ 5.10 ಬಂತು, ಅನಂತರ 5.11. ಅಂಕಗಣಿತದಲ್ಲಿ 5.10 ಎಂಬುದು 5.9ಕ್ಕಿಂತ ಚಿಕ್ಕದು, ಬಂಡೆಯ ಮೇಲೆ ದೊಡ್ಡದು! 5.9 ಕೊನೆಯ ಮೆಟ್ಟಿಲಾಗಿದ್ದ ಕಾಲದ ಅನೇಕ ದಾರಿಗಳು ಇಂದಿನ 5.9ಕ್ಕಿಂತ ಬಹಳ ಕಠಿಣವಾಗಿರುವುದುಂಟು. 1960ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಯೂಬ್ಯಾಂಕ್ ಈ ತೊಡಕಿಗೆ ಸರಳ ಉಪಾಯವನ್ನು ಕಂಡುಕೊಂಡರು: ಒಂದರಿಂದ ಎಣಿಸುತ್ತ ಹೋಗುವುದು, ಕೊನೆ ಎಂಬುದನ್ನು ಹೇಳದಿರುವುದು.

ಈಗ ಇವೆಲ್ಲವನ್ನೂ ಅಕ್ಕಪಕ್ಕದಲ್ಲಿಟ್ಟ ಕೋಷ್ಟಕಗಳು ದೊರೆಯುತ್ತವೆ. ಫ್ರಾನ್ಸಿನ 6ಎ ಸುಮಾರಾಗಿ ಅಮೆರಿಕದ 5.10ಎಗೆ ಸಮ ಎಂದು ಅವು ಹೇಳುತ್ತವೆ. ಆದರೆ ಈ ಕ್ರಮಗಳು ಅಳೆಯುವುದು ಒಂದೇ ವಸ್ತುವನ್ನಲ್ಲ. ಫ್ರಾನ್ಸಿನ ಅಂಕ, ಬಂಡೆಯಲ್ಲಿ ಮೊದಲೇ ಬೋಲ್ಟುಗಳನ್ನು ಕೂರಿಸಿದ ದಾರಿಗಳಲ್ಲಿ ದೇಹಕ್ಕಾಗುವ ಕಷ್ಟವನ್ನು ಮಾತ್ರ ಹೇಳುತ್ತದೆ. ಬ್ರಿಟಿಷರು ಎರಡು ದರ್ಜೆಗಳನ್ನು ಕೊಡುತ್ತಾರೆ. ಮೊದಲನೆಯದರಲ್ಲಿ ಒಟ್ಟು ಶ್ರಮದೊಡನೆ ಅಪಾಯವೂ ಸೇರಿದೆ, ಎರಡನೆಯದು ಅತಿ ಕಠಿಣವಾದ ಒಂದು ಹೆಜ್ಜೆಯದು. ಜರ್ಮನಿಯ ಎಲ್ಬೆ ನದಿತೀರದ ಮರಳುಗಲ್ಲಿನಲ್ಲಿ ಬಿರುಕಿಗೆ ಲೋಹದ ಸಲಕರಣೆ ಸಿಕ್ಕಿಸುವಂತಿಲ್ಲ, ಹಗ್ಗದ ಗಂಟುಗಳೇ ಆಧಾರ. ಅಲ್ಲಿ ಕೈ ಜಾರುವುದಕ್ಕೂ ಬೋಲ್ಟಿನ ಮೇಲೆ ಕೈ ಜಾರುವುದಕ್ಕೂ ಅಜಗಜಾಂತರ. ಕೋಷ್ಟಕವನ್ನೇ ನಂಬಿ ಹೊರಟವರು ಮೂಳೆ ಮುರಿದುಕೊಂಡಾರು.

ನಮ್ಮ ಬಾದಾಮಿಯ ಮರಳುಗಲ್ಲಿಗೂ ಫ್ರಾನ್ಸಿನ ದರ್ಜೆಗಳೇ ಬಂದಿವೆ. ಹಂಪಿಯ ಗುಂಡುಗಳಿಗೆ, ಪ್ಯಾರಿಸ್ ಬಳಿಯ ಫೊಂಟೆನ್‌ಬ್ಲೋ ಕಾಡಿನಲ್ಲಿ ಹುಟ್ಟಿದ ಕ್ರಮವನ್ನು ಬಳಸುತ್ತಾರೆ. ಆ ಕಾಡಿನದು ಮರಳುಗಲ್ಲು, ಹಂಪಿಯದು ಅಂಗೈ ಕೀಳುವ ಗ್ರಾನೈಟ್ ಶಿಲೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಒಂದು ಮಂಡಳಿಯ ಅರವತ್ತನ್ನು ಇನ್ನೊಂದರ ಅರವತ್ತರೊಡನೆ ಹೋಲಿಸಿ ಮಕ್ಕಳನ್ನು ನೋಯಿಸುವ ತಂದೆತಾಯಿಯರನ್ನು ಬಹಳ ಕಂಡಿದ್ದೇನೆ. ಪ್ರಶ್ನೆ ಯಾವುದು, ತಿದ್ದಿದವರು ಯಾರು ಎಂದು ಕೇಳದೆ ಅಂಕವನ್ನಷ್ಟೇ ನೋಡಬಾರದು. ನಿಮ್ಮಲ್ಲಾಗಲಿ ನಿಮ್ಮ ಮಕ್ಕಳಲ್ಲಾಗಲಿ ಬೆಂಗಳೂರಿನ ಕೃತಕ ಗೋಡೆಯ ಮೇಲೆ ಅಭ್ಯಾಸ ಮಾಡಿ ಬಾದಾಮಿಗೆ ಹೊರಟವರಿದ್ದರೆ, ಮೊದಲ ದಿನ ಎರಡು ದರ್ಜೆ ಕೆಳಗಿನಿಂದಲೇ ಆರಂಭಿಸಿ. ಅಲ್ಲಿ ಏರಿ ಬಲ್ಲವರ ಮಾತನ್ನು ಕೇಳಿದ ಮೇಲೆಯೇ ಹಗ್ಗ ಕಟ್ಟಿಕೊಳ್ಳಿ.