ವಾರಾನ್ನದಿಂದ ಪೀಜಿವರೆಗೆ

ಬೆಂಗಳೂರಿಗೆ ಓದಲು ಬಂದ ಹುಡುಗ ರಾತ್ರಿ ಎಲ್ಲಿ ಮಲಗುತ್ತಿದ್ದ? ಊರಿನ ಚರಿತ್ರೆ ಹೇಳುವವರೆಲ್ಲ ಕೆಂಪೇಗೌಡರ ಗೋಪುರದಿಂದ ಶುರುಮಾಡುತ್ತಾರೆ. ಈ ಪ್ರಶ್ನೆ ಕೇಳುವವರು ಕಡಿಮೆ.

ಬಾಡಿಗೆ ರೂಮಿಗಿಂತ ಮೊದಲು ವಾರಾನ್ನ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆ ಊಟ. ಮಲಗಲು ಯಾರದೋ ಜಗಲಿ. ದುಡ್ಡು ಬೇಕಿರಲಿಲ್ಲ, ಆದರೆ ಜಾತಿ ಕೂಡಿಬರಬೇಕಿತ್ತು. ಹಾಗಾಗಿ ಆ ಬಾಗಿಲು ತೆರೆದದ್ದು ಹೆಚ್ಚಾಗಿ ಬ್ರಾಹ್ಮಣ ಹುಡುಗರಿಗೆ.

ಉಳಿದವರು ತಮ್ಮ ಸೂರನ್ನು ತಾವೇ ಕಟ್ಟಿಕೊಳ್ಳಬೇಕಾಯಿತು. ಗುಬ್ಬಿ ತೋಟದಪ್ಪನವರು ರೈಲ್ವೆ ನಿಲ್ದಾಣದ ಬಳಿ ಛತ್ರ ಕಟ್ಟಿಸಿದರು, ವಿದ್ಯಾರ್ಥಿಗಳಿಗೆ ಉಚಿತ ಹಾಸ್ಟೆಲ್ ನಡೆಸಿದರು. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘವೂ ಹಾಸ್ಟೆಲ್ ಮಾಡಿತು. ದಲಿತ ಮಕ್ಕಳ ಹಾಸ್ಟೆಲ್‌ಗಾಗಿ ಗೋಪಾಲಸ್ವಾಮಿ ಅಯ್ಯರ್ ದುಡಿದರು. ಹಳ್ಳಿ ಹುಡುಗರು ಕಾಲೇಜು ಮೆಟ್ಟಿಲು ಹತ್ತಿದ್ದರ ಹಿಂದೆ ಈ ಹಾಸ್ಟೆಲ್ ಅನ್ನ ಇದೆ ಅನ್ನೋದನ್ನ ಮರೆಯಬಾರದು.

ಸೀಟು ಸಿಗದವರು ವಠಾರದ ರೂಮು ಹುಡುಕುತ್ತಿದ್ದರು. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂದ ಮೇಲೆ ಬಾಡಿಗೆದಾರನನ್ನು ಎಬ್ಬಿಸುವುದು ಕಷ್ಟವಾಯಿತು. ಮಾಲೀಕರು ಹುಷಾರಾದರು. 'ಬ್ಯಾಚುಲರ್‌ಗೆ ಕೊಡೋದಿಲ್ಲ', 'ನೀವು ಯಾವ ಪೈಕಿ?' ಮಾತುಗಳು ನಮಗೆಲ್ಲ ಗೊತ್ತು. ಜೊತೆಗೆ ಹತ್ತು ತಿಂಗಳ ಅಡ್ವಾನ್ಸ್! 1999ರ ಹೊಸ ಕಾಯ್ದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯನ್ನು ಅದು ಹೊರಗಿಟ್ಟಿತು. ಆ ಬಾಡಿಗೆಗೆ ಈಗ ಮನೆ ಎಲ್ಲಿದೆ ಹೇಳಿ?

ಆಮೇಲೆ ಪೀಜಿ. ಮೊದಮೊದಲು ಅದು ನಿಜಕ್ಕೂ 'ಪೇಯಿಂಗ್ ಗೆಸ್ಟ್'. ಮನೆಯವರ ಜೊತೆ ಒಂದು ಕೋಣೆ, ಅಜ್ಜಿಯ ಬೈಗುಳ ಫ್ರೀ. ಇಂಜಿನಿಯರಿಂಗ್ ಕಾಲೇಜುಗಳೂ ಐಟಿ ಕಂಪನಿಗಳೂ ಹೆಚ್ಚಿದಂತೆ ಇಡೀ ಕಟ್ಟಡಗಳೇ ಪೀಜಿಯಾದವು. ಒಂದು ಮಂಚ, ಒಂದು ಬೀರು, ತ್ರಿಬಲ್ ಶೇರಿಂಗ್. ಕೊರೊನಾ ಬಂದ 2020ರಲ್ಲಿ ಅವೇ ಬಿಕೋ ಎಂದವು.

ಇದು ಮನೆಯೋ, ವ್ಯಾಪಾರವೋ? ಇಂಥ ಹಾಸ್ಟೆಲ್ ಕಟ್ಟಡವೂ ವಾಸದ ಮನೆಯೇ ಎಂದು ರಾಜ್ಯ ಹೈಕೋರ್ಟ್ 2022ರಲ್ಲಿ ಹೇಳಿತು. 2023ರಲ್ಲಿ ತೆರಿಗೆ ಪ್ರಾಧಿಕಾರ ಅಲ್ಲ ಅಂದು 12% ಜಿಎಸ್‌ಟಿ ಹೇರಿತು. 2024ರಲ್ಲಿ ಜಿಎಸ್‌ಟಿ ಮಂಡಳಿ, ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿವರೆಗೆ, ಕನಿಷ್ಠ 90 ದಿನ ಇರುವವರಿಗೆ ವಿನಾಯಿತಿ ಕೊಟ್ಟಿತು.

ಪೀಜಿಯ ತಿಳಿಸಾರನ್ನು ಎಷ್ಟು ಬೇಕಾದರೂ ಬೈಯೋಣ. ಆದರೆ ಆ ಬಾಗಿಲಲ್ಲಿ ಕೇಳುವುದು ಆಧಾರ್ ಕಾರ್ಡು ಮತ್ತು ದುಡ್ಡು, 'ಯಾವ ಪೈಕಿ' ಅಂತ ಸಾಮಾನ್ಯವಾಗಿ ಅಲ್ಲ. ನೂರು ವರ್ಷದಲ್ಲಿ ಅಷ್ಟು ದಾರಿ ಸವೆದಿದೆ. ದುಡ್ಡಿಲ್ಲದ ಹುಡುಗನಿಗೆ ಮಾತ್ರ ಇವತ್ತಿಗೂ ಹಾಸ್ಟೆಲ್ ಸೀಟೇ ಗತಿ.