ನೋಟಕ್ಕೆ ಹಾಕಿದ ಪ್ರಶ್ನೆಗಳು: ಮಂಗಗಳ ಕಣ್ಚಲನೆ ಪ್ರಯೋಗಗಳ ಚರಿತ್ರೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತೋಟದವರಿಗೆ ಮಂಗ ಎಂದರೆ ಬಾಳೆ, ಏಲಕ್ಕಿ, ಎಳೆ ಅಡಿಕೆಯ ಲುಕ್ಸಾನು. ಗರ್ನಾಲು ಹೊಡೆದು ಬೇಸತ್ತವರು ಮಂಕಿ ಪಾರ್ಕ್ ಮಾಡಿಕೊಡಿ ಎಂದು ಸರ್ಕಾರವನ್ನು ಕೇಳುತ್ತಲೇ ಬಂದಿದ್ದಾರೆ. ವಿಜ್ಞಾನದ ದಾಖಲೆಗೆ ಈ ಸೀಮೆಯ ಮಂಗ ಸೇರಿದ್ದು ಮಾತ್ರ ಕಾಯಿಲೆಯ ದಾರಿಯಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವ ಮತ್ತು ಬಾನೆಟ್ ಮಂಗಗಳು ಸತ್ತುಬಿದ್ದ ಮೇಲೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಸಾಗರದಲ್ಲಿ ನೆಲೆಯೂರಿ ಮಂಗ, ಉಣ್ಣೆ, ಮನುಷ್ಯ ಮೂವರ ನಂಟನ್ನು ಹುಡುಕಿದರು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಮತ್ತೆ ಜೀವಗಳನ್ನು ತೆಗೆದುಕೊಂಡಿತು.

ಅದೇ ಬಾನೆಟ್ ಮಂಗದ ಪ್ರಭೇದ, ಮಕಾಕಾ ರೇಡಿಯಾಟಾ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬೇರೆಯೇ ಒಂದು ವಿಚಾರಣೆಗೆ ಒಳಗಾಗಿದೆ. ಅಲ್ಲಿ ಕೇಳುವುದು ಅದರ ಮಿದುಳು ಹೇಗೆ ನೋಡುತ್ತದೆ ಎಂದು. ಈ ವಿಚಾರಣೆಯ ಚರಿತ್ರೆಯನ್ನು ಸಾಮಾನ್ಯವಾಗಿ ಉಪಕರಣಗಳ ಚರಿತ್ರೆಯಾಗಿ ಬರೆಯುತ್ತಾರೆ. ಅದನ್ನು ಮುಂದಕ್ಕೆ ನಡೆಸಿದ್ದು ಉಪಕರಣಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳುವ ಕ್ರಮ, ಅಂದರೆ ಪ್ರಾಣಿಗೆ ಕೊಡುವ ಕಣ್ಣಿನ ಕೆಲಸದ ವಿನ್ಯಾಸ ಎಂಬುದು ಈ ಲೇಖನದ ವಾದ.

ಅರಿವಳಿಕೆಯಿಂದ ಎಚ್ಚರಕ್ಕೆ

ದೃಷ್ಟಿಯ ನರಕೋಶಗಳ ಬಗೆಗಿನ ಮೊದಲ ದೊಡ್ಡ ತಿಳಿವಳಿಕೆ ಅರಿವಳಿಕೆ ಕೊಟ್ಟ ಪ್ರಾಣಿಗಳಿಂದ ಬಂತು. ನರವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ ಅವರ ಪ್ರಯೋಗಗಳಲ್ಲಿ ಬೆಕ್ಕಿನ ಕಣ್ಣು ಅಲುಗುತ್ತಿರಲಿಲ್ಲ. ಹಾಗಾಗಿ ಪರದೆಯ ಮೇಲಿನ ಗೆರೆ ಅಕ್ಷಿಪಟದ ಯಾವ ಜಾಗಕ್ಕೆ ಬೀಳುತ್ತಿದೆ ಎಂದು ಹೇಳಬಹುದಿತ್ತು. ಎಚ್ಚರದ ಪ್ರಾಣಿಯ ಕಣ್ಣು ಸೆಕೆಂಡಿಗೆ ಎರಡು ಮೂರು ಸಲ ಒಂದೆಡೆಯಿಂದ ಇನ್ನೊಂದೆಡೆಗೆ ಚಿಮ್ಮುತ್ತದೆ. ಸಕಾಡ್ ಎಂದು ಕರೆಯುವುದು ಈ ಚಿಮ್ಮುವಿಕೆಯನ್ನೇ. 1963ರಲ್ಲಿ ಡೇವಿಡ್ ರಾಬಿನ್ಸನ್ ಕಾಂತಕ್ಷೇತ್ರದಲ್ಲಿ ಸಣ್ಣ ತಂತಿಸುರುಳಿಯಿಟ್ಟು ಕಣ್ಣಿನ ದಿಕ್ಕನ್ನು ಅತಿ ಸೂಕ್ಷ್ಮವಾಗಿ ಅಳೆಯುವ ವಿಧಾನ ಕೊಟ್ಟರು. 1966ರಲ್ಲಿ ಫುಕ್ಸ್ ಜೊತೆ ಸೇರಿ ಅದನ್ನು ಮಂಗಕ್ಕೆ ಹೊಂದಿಸಿದರು. ಅಳತೆಯೇನೋ ಸಿಕ್ಕಿತು, ಆದರೆ ಮಂಗ ನಮಗೆ ಬೇಕಾದ ಕಡೆ ನೋಡಬೇಕಲ್ಲ?

ಇದಕ್ಕೆ ಉತ್ತರ ಕೊಟ್ಟವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ರಾಬರ್ಟ್ ವುರ್ಟ್ಜ್. 1969ರಲ್ಲಿ ಅವರು ಪ್ರಕಟಿಸಿದ ಕ್ರಮ ಸರಳ: ಪರದೆಯ ಮೇಲೆ ಸಣ್ಣದೊಂದು ಬೆಳಕಿನ ಚುಕ್ಕೆ, ಅದು ಮಂಕಾದ ಕ್ಷಣ ಮಂಗ ತಾನು ಹಿಡಿದ ಸನ್ನೆಕೋಲನ್ನು ಬಿಟ್ಟರೆ ಕುಡಿಯಲು ಒಂದು ಗುಟುಕು. ಬದಲಾವಣೆ ಎಷ್ಟು ಸಣ್ಣದೆಂದರೆ ಚುಕ್ಕೆಯಲ್ಲೇ ಕಣ್ಣಿಟ್ಟರೆ ಮಾತ್ರ ತಿಳಿಯುವಂಥದ್ದು. ದಿಟ್ಟಿಸು ಎಂದು ಹೇಳಲಾಗದ ಪ್ರಾಣಿಯಿಂದ ದಿಟ್ಟಿಸುವಿಕೆಯನ್ನು ಪಡೆದದ್ದು ಹೀಗೆ. 1972ರಲ್ಲಿ ಗೋಲ್ಡ್‌ಬರ್ಗ್ ಮತ್ತು ವುರ್ಟ್ಜ್, ಅದೇ ಬೆಳಕಿನ ಕಡೆಗೆ ಮಂಗ ಕಣ್ಣು ಹಾಯಿಸಲಿರುವಾಗ ನಡುಮಿದುಳಿನ ಸುಪೀರಿಯರ್ ಕಾಲಿಕ್ಯುಲಸ್‌ನ ಕೋಶಗಳು ಹೆಚ್ಚು ಜೋರಾಗಿ ಮಿಡಿಯುತ್ತವೆ ಎಂದು ತೋರಿಸಿದರು.

ಅಂಟಿಕೊಂಡದ್ದನ್ನು ಬಿಡಿಸುವುದು

ಇಲ್ಲೊಂದು ತೊಡಕಿತ್ತು. ಬೆಳಕು ಬಂದೊಡನೆ ಕಣ್ಣು ಅತ್ತ ಹೋದರೆ, ಕೋಶ ಮಿಡಿದದ್ದು ಬೆಳಕಿಗೋ ಚಲನೆಗೋ? 1983ರಲ್ಲಿ ಹಿಕೊಸಾಕ ಮತ್ತು ವುರ್ಟ್ಜ್ ಬಳಸಿದ ನೆನಪಿನ ಸಕಾಡ್ ಈ ಎರಡರ ನಡುವೆ ಕಾಲದ ಅಂತರ ತಂದಿತು. ಮಂಗ ನಡುವಿನ ಚುಕ್ಕೆಯನ್ನೇ ನೋಡುತ್ತಿರುವಾಗ ಪಕ್ಕದಲ್ಲಿ ಬೆಳಕೊಂದು ಮಿಂಚಿ ಮರೆಯಾಗುತ್ತದೆ. ಕಣ್ಣು ತಕ್ಷಣ ಅತ್ತ ಹೋದರೆ ಆ ಸರದಿ ರದ್ದು, ಬಹುಮಾನವಿಲ್ಲ. ಕಾಯಬೇಕು. ನಡುವಿನ ಚುಕ್ಕೆ ಆರಿದ ಮೇಲಷ್ಟೇ, ಕತ್ತಲಲ್ಲಿ, ನೆನಪಿನಲ್ಲಿರುವ ಜಾಗಕ್ಕೆ ಕಣ್ಣು ಹಾಯಿಸಬೇಕು. ಮಿಂಚಿದಾಗ ಮಿಡಿದ ಕೋಶ ನೋಟದ್ದು, ಹೊರಡುವ ಮುನ್ನ ಮಿಡಿದದ್ದು ಚಲನೆಯದ್ದು, ಕಾಯುವ ಉದ್ದಕ್ಕೂ ಮಿಡಿದದ್ದು ನೆನಪಿನದ್ದು ಎಂದು ಬೇರ್ಪಡಿಸಲು ಸಾಧ್ಯವಾಯಿತು.

ಮುಂದಿನ ಬಿಡಿಸುವಿಕೆ ಸಂಕಲ್ಪ ಮತ್ತು ಕ್ರಿಯೆಯದು. ಲೋಗನ್ ಮತ್ತು ಕೋವನ್ 1984ರಲ್ಲಿ ರೂಪಿಸಿದ 'ನಿಲ್ಲು' ಸಂಕೇತದ ಸಿದ್ಧಾಂತವನ್ನು ಹೇನ್ಸ್ ಮತ್ತು ಶಾಲ್ 1995ರಲ್ಲಿ ಮಂಗದ ಕಣ್ಣಿಗೆ ಒಗ್ಗಿಸಿದರು: ಹೊರಡು ಎಂದ ಮೇಲೆ ಕೆಲವು ಸಲ ಬೇಡ ಎನ್ನುವುದು. ತಡೆಯಲು ಹಿಡಿಯುವ ಸಮಯವನ್ನು ನೇರವಾಗಿ ಕಾಣಲಾಗದು. ಎಷ್ಟು ಸಲ ತಡೆದಿದೆ, ಎಷ್ಟು ಸಲ ಜಾರಿದೆ ಎಂಬ ಲೆಕ್ಕದಿಂದ ಅದನ್ನು ಅಂದಾಜು ಮಾಡಬೇಕು. ಆ ಸಮಯ ಮುಗಿಯುವ ಮುನ್ನವೇ ಮಿದುಳಿನ ಮುಂಭಾಗದ ಕಣ್ಣಿನ ಕ್ಷೇತ್ರದ ಚಲನಾಕೋಶಗಳ ಮಿಡಿತ ಇಳಿಯುತ್ತದೆ ಎಂದು 1998ರಲ್ಲಿ ಕಂಡುಬಂತು.

ಬೆಂಗಳೂರಿನ ಅಧ್ಯಾಯ

ಶಾಲ್ ಅವರ ಜೊತೆ ಕೆಲಸ ಮಾಡಿದ ಆದಿತ್ಯ ಮೂರ್ತಿ ಈ ಪರಂಪರೆಯನ್ನು ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರಕ್ಕೆ, ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಗೆ ತಂದರು. ಅವರು ಬಳಸುವ ಪ್ರಯೋಗಕ್ರಮಗಳಲ್ಲಿ ಕಣ್ಣು ಹೊರಡುವ ಮುನ್ನ ಗುರಿಯೇ ಜಾಗ ಬದಲಿಸುತ್ತದೆ; ಯೋಜನೆ ತಿದ್ದಿಕೊಳ್ಳುವ ಬಗೆ ಅಲ್ಲಿ ಬಯಲಾಗುತ್ತದೆ. ಅದೇ ಸಂಸ್ಥೆಯ ಸುಪ್ರತಿಮ್ ರೇ ಅವರ ತಂಡ ಬಾನೆಟ್ ಮಂಗಗಳಿಗೆ ಹಳೆಯ ದಿಟ್ಟಿಸುವ ಕೆಲಸವನ್ನೇ ಕೊಟ್ಟು, ಕೆಂಪು ಬಣ್ಣ ಕಂಡಾಗ ಮಿದುಳಿನ ದೃಷ್ಟಿ ತೊಗಟೆಯಲ್ಲಿ ಗಾಮಾ ಎಂಬ ವಿದ್ಯುತ್ ಅಲೆಗಳು ಅಸಾಮಾನ್ಯವಾಗಿ ಬಲವಾಗಿ ಏಳುವುದನ್ನು 2018ರಲ್ಲಿ ವರದಿ ಮಾಡಿತು.

ವಿನ್ಯಾಸವನ್ನೇ ತಿರುಗಿಸಿದ್ದು ಎಸ್.ಪಿ. ಅರುಣ್ ಅವರ ತಂಡ. ಹಿಂದಿನ ಪ್ರಯೋಗಗಳಂತೆ ತಲೆ ಬಿಗಿದು ಕುರ್ಚಿಯಲ್ಲಿ ಕೂರಿಸದೆ, ಗುಂಪಿನಲ್ಲಿ ಬದುಕುವ ಬಾನೆಟ್ ಮಂಗ ತಾನಾಗಿಯೇ ಟಚ್‌ಸ್ಕ್ರೀನ್ ಬಳಿಗೆ ಬರುವ ವ್ಯವಸ್ಥೆಯನ್ನು ಅವರು 2021ರಲ್ಲಿ ಪ್ರಕಟಿಸಿದರು. ರಸದ ನಳಿಕೆಗೆ ಬಾಯಿ ಕೊಡಬೇಕಾದರೆ ಗಲ್ಲ ಒಂದು ಚೌಕಟ್ಟಿಗೆ ಕೂರುತ್ತದೆ. ಮುಖ ಸ್ಥಿರವಾದಷ್ಟು ಹೊತ್ತು ಕ್ಯಾಮೆರಾ ನೋಟವನ್ನು ಹಿಡಿಯುತ್ತದೆ. ತರಬೇತಿಯೇ ಇಲ್ಲದ ಮಂಗವೊಂದು ಪಳಗಿದ ಜೊತೆಗಾರರನ್ನು ನೋಡಿ ಕೆಲಸ ಕಲಿತದ್ದು ಇಲ್ಲಿ ಸಿಕ್ಕ ಫಲ. ಒಂಟಿಯಾಗಿ ಕುರ್ಚಿಯಲ್ಲಿ ಕೂತ ಮಂಗದಲ್ಲಿ ಇದು ಎಂದೂ ಕಾಣುತ್ತಿರಲಿಲ್ಲ.

ಸಮಾರೋಪ

ಪ್ರತಿ ಹೊಸ ಕೆಲಸವೂ ಹಿಂದಿನದು ಬೆರೆಸಿಟ್ಟದ್ದನ್ನು ಬೇರ್ಪಡಿಸಿದೆ, ಜೊತೆಗೆ ಏನನ್ನೋ ಹೊರಗಿಟ್ಟಿದೆ. ವುರ್ಟ್ಜ್ ಅವರ ಚುಕ್ಕೆ ಕಣ್ಣನ್ನು ನಿಲ್ಲಿಸಿತು. ಆದರೆ ಸಹಜವಾಗಿ ಸುತ್ತ ಹರಿದಾಡುವ ನೋಟವನ್ನು ಲೆಕ್ಕದಿಂದ ತೆಗೆದುಹಾಕಿತು. ಹಾಗಾಗಿ ತಲೆ ಬಿಗಿದು, ರಸದಾಸೆಗೆ ದುಡಿಯುವ ಮಂಗದಿಂದ ಬಂದ ತೀರ್ಮಾನವನ್ನು ತೀರ್ಥಹಳ್ಳಿಯ ತೋಟದ ಮಂಗಕ್ಕೆ ನೇರವಾಗಿ ಅನ್ವಯಿಸಲಾಗದು. ಮೊದಲು ಕಟ್ಟು ಸಡಿಲಿಸಿ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿ ನೋಡಬೇಕು. ಹಾಗೆ ಕೇಳುವ ಸಾಧನ ಈಗ ಬೆಂಗಳೂರಿನಲ್ಲೇ ಇದೆ. ಹಳೆಯ ಫಲಿತಾಂಶಗಳಲ್ಲಿ ಯಾವುವು ಅಲ್ಲಿ ಉಳಿಯುತ್ತವೆ ಎಂಬುದೇ ಮುಂದಿನ ಸಂಶೋಧನೆಯ ವಿಷಯ.