ಒಂದೇ ಪುಸ್ತಕ, ಬಗೆಬಗೆಯ ಓದು

ಒಂದೇ ಮನೆಯಲ್ಲಿ ಸಂಭವಿಸಿದ ಸಾವನ್ನು ಆ ಮನೆಯವರೆಲ್ಲರೂ ಒಂದೇ ಬಗೆಯಲ್ಲಿ ನೆನೆಯುವುದಿಲ್ಲ. ತಾಯಿ ನೆನೆಯುವುದು ಮಗನ ಕೊನೆಯ ಊಟವನ್ನು. ತಂದೆ ನೆನೆಯುವುದು ಅವನು ಗಳಿಸಿದ ಹೆಸರನ್ನು. ಒಡಹುಟ್ಟಿದವನಿಗೆ ಮಾತ್ರ ಆ ಸಾವು ತಪ್ಪಿಸಬಹುದಾಗಿತ್ತೆಂಬ ಕೊರಗು. ಯಾರ ನೆನಪೂ ಸುಳ್ಳಲ್ಲ. ಆದರೂ ಒಬ್ಬರ ನೆನಪು ಇನ್ನೊಬ್ಬರನ್ನು ಚುಚ್ಚುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಸುಮಾರು 20 ಲಕ್ಷ ಸೈನಿಕರನ್ನು ಕಳೆದುಕೊಂಡ ಜರ್ಮನಿ ಅಂಥದೊಂದು ಮನೆಯಾಗಿತ್ತು. ಯುದ್ಧ ಮುಗಿದು ಹತ್ತು ವರ್ಷಗಳಾದ ಮೇಲೆ ಆ ಮನೆಯೊಳಗೆ ಒಂದು ಕಾದಂಬರಿ ಬಂದಿತು. ಅದನ್ನು ಓದಿದವರು ಆಡಿದ ಭಿನ್ನಭಿನ್ನ ಮಾತುಗಳ ಕಥೆ, ಕಾದಂಬರಿಯ ಕಥೆಯಷ್ಟೇ ನಮಗೆ ಪಾಠ ಹೇಳುವಂಥದು.

ಎರಿಕ್ ಮರಿಯಾ ರೆಮಾರ್ಕ್ ಬರೆದ ಆ ಕಾದಂಬರಿಯನ್ನು ನಾವು 'ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್' ಎಂಬ ಇಂಗ್ಲಿಷ್ ಹೆಸರಿನಿಂದ ಬಲ್ಲೆವು. ಮೂಲ ಜರ್ಮನ್ ಹೆಸರಿನ ಅರ್ಥ, ಪಶ್ಚಿಮದಲ್ಲಿ ಹೊಸತೇನೂ ಇಲ್ಲ ಎಂದು. 1928ರ ನವೆಂಬರ್ 10ರಿಂದ ಬರ್ಲಿನ್ನಿನ 'ಫೋಸಿಶೆ ತ್ಸೈಟುಂಗ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1929ರ ಜನವರಿ ಕೊನೆಯಲ್ಲಿ ಪುಸ್ತಕವಾಯಿತು. ಯುದ್ಧದ ಕಥೆ ಈಗ ಯಾರಿಗೆ ಬೇಕೆಂದು ಹೆಸರಾಂತ ಪ್ರಕಾಶಕರೊಬ್ಬರು ಅದನ್ನು ಮೊದಲೇ ತಿರಸ್ಕರಿಸಿದ್ದರು. ಆದರೆ ಹದಿನೆಂಟು ತಿಂಗಳಲ್ಲಿ ಅದು 22 ಭಾಷೆಗಳಲ್ಲಿ ಸುಮಾರು 25 ಲಕ್ಷ ಪ್ರತಿಗಳಷ್ಟು ಮಾರಾಟವಾಯಿತು.

ಕಥೆ ಸರಳವಾದುದು. ಕಾಂಟೊರೆಕ್ ಎಂಬ ಶಾಲಾ ಉಪಾಧ್ಯಾಯರು ದೇಶಭಕ್ತಿಯ ಭಾಷಣಗಳಿಂದ ಇಡೀ ತರಗತಿಯನ್ನೇ ಸೇನೆಗೆ ಸೇರಿಸುತ್ತಾರೆ. ಹೋಗಲು ಹಿಂಜರಿದ ಒಬ್ಬನೇ ಹುಡುಗ ಮೊದಲು ಸಾಯುವವರಲ್ಲಿ ಒಬ್ಬನಾಗುತ್ತಾನೆ. ಕೆಮ್ಮೆರಿಕ್ ಎಂಬ ಹುಡುಗನ ಒಳ್ಳೆಯ ಬೂಟುಗಳು ಅವನು ತೀರಿದ ಮೇಲೆ ಗೆಳೆಯ ಮ್ಯುಲ್ಲರ್‌ಗೆ, ಮ್ಯುಲ್ಲರ್ ತೀರಿದ ಮೇಲೆ ಕಥಾನಾಯಕ ಪೌಲ್ ಬಾಯ್ಮರ್‌ಗೆ ಸೇರುತ್ತವೆ. ಚರ್ಮದ ಬೂಟು ಬಾಳುತ್ತದೆ, ತೊಟ್ಟವರು ಬಾಳುವುದಿಲ್ಲ. ಕೊನೆಗೆ 1918ರ ಅಕ್ಟೋಬರಿನಲ್ಲಿ, ವರದಿ ಮಾಡುವಂಥದೇನೂ ಇಲ್ಲವೆಂದು ಸೇನೆ ತಿಳಿಸಿದ ದಿನವೇ ಪೌಲ್ ಸಾಯುತ್ತಾನೆ.

ಬರೆದವರು ಯಾರು?

ರೆಮಾರ್ಕ್ 1898ರಲ್ಲಿ ಓಸ್ನಾಬ್ರ್ಯುಕ್ ನಗರದ ಕಥೋಲಿಕ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದವರು. ಮಗ ಅಲ್ಲಿನ ಕಥೋಲಿಕ ಶಿಕ್ಷಕರ ತರಬೇತಿ ಶಾಲೆಯಲ್ಲಿ ಓದುತ್ತಿದ್ದಾಗ, 1916ರ ನವೆಂಬರಿನಲ್ಲಿ, ಸೇನೆಯ ಕರೆ ಬಂದಿತು. 1917ರ ಜೂನ್‌ನಲ್ಲಿ ರಣರಂಗಕ್ಕೆ ಹೋದವರು ಜುಲೈ 31ರಂದು ಫ್ಲಾಂಡರ್ಸ್ ಪ್ರದೇಶದಲ್ಲಿ ಸಿಡಿಗುಂಡಿನ ಚೂರುಗಳಿಂದ ಗಾಯಗೊಂಡರು. ಮರುದಿನದ, ಅಂದರೆ 1917ರ ಆಗಸ್ಟ್ 1ರ ದಿನಾಂಕವೇ ವಿಶ್ವಗುರು ಹದಿನೈದನೆಯ ಬೆನೆಡಿಕ್ಟರು ಯುದ್ಧನಿರತ ರಾಷ್ಟ್ರಗಳ ನಾಯಕರಿಗೆ ಬರೆದ ಶಾಂತಿಪತ್ರದ ಮೇಲಿದೆ. ಆ ಕದನವನ್ನು ನಿಷ್ಫಲವಾದ ಕಗ್ಗೊಲೆಯೆಂದು ಅವರು ಕರೆದಿದ್ದರು. ನಾಯಕರು ಕಿವಿಗೊಡಲಿಲ್ಲ. ಗಾಯಗೊಂಡ ಹುಡುಗ ಡ್ಯೂಸ್‌ಬುರ್ಗ್ ನಗರದ ಆಸ್ಪತ್ರೆ ಸೇರಿದ. ಆ ಸೆಪ್ಟೆಂಬರಿನಲ್ಲಿ ತಾಯಿ ಅನ್ನಾ ಮರಿಯಾ ತೀರಿಕೊಂಡರು. ಎರಿಕ್ ಪೌಲ್ ಎಂಬ ತನ್ನ ಹೆಸರಿನಲ್ಲಿದ್ದ 'ಪೌಲ್' ಅನ್ನು ಬಿಟ್ಟು ತಾಯಿಯ 'ಮರಿಯಾ'ವನ್ನು ಇರಿಸಿಕೊಂಡ ಆತ, ಬಿಟ್ಟ ಹೆಸರನ್ನು ಮುಂದೆ ಕಥಾನಾಯಕನಿಗೆ ಕೊಟ್ಟರು.

ಓದುಗರ ಮಾತುಗಳು

ಮೊದಲ ಆಕ್ಷೇಪ, ಈತ ನಿಜವಾದ ಸೈನಿಕನೇ ಎಂಬುದು. ಪ್ರಕಾಶಕರು ಈ ಪುಸ್ತಕವನ್ನು ಸಾಮಾನ್ಯ ಸಿಪಾಯಿಯೊಬ್ಬನ ಎದೆಯಿಂದ ತಾನಾಗಿ ಹೊಮ್ಮಿದ ಸಾಕ್ಷಿಯೆಂದು ಪ್ರಚಾರ ಮಾಡಿದ್ದರು. ಆದರೆ ರೆಮಾರ್ಕ್ ರಣರಂಗದಲ್ಲಿದ್ದುದು ಎರಡು ತಿಂಗಳಿಗೂ ಕಡಿಮೆ. ಅವರ ತುಕಡಿಯ ಕೆಲಸ ಮುಖ್ಯವಾಗಿ ಕಂದಕ, ಮುಳ್ಳುತಂತಿಗಳದು. 1920ರಲ್ಲೇ ಒಂದು ಕಾದಂಬರಿ ಪ್ರಕಟಿಸಿದ್ದ ಅವರು ವೃತ್ತಿಯಿಂದ ಪತ್ರಕರ್ತರೂ ಆಗಿದ್ದರು. ಈ ಟೀಕೆಯಲ್ಲಿ ಸತ್ಯಾಂಶವಿತ್ತು. ಅದನ್ನೇ ಹಿಡಿದು 1929ರಲ್ಲಿ ಮಿನೋನಾ ಎಂಬ ಲೇಖಕರು, ರೆಮಾರ್ಕ್ ಎಂಬುವರು ನಿಜಕ್ಕೂ ಬದುಕಿದ್ದರೇ ಎಂದು ಕೇಳುವ ಹಾಸ್ಯಗ್ರಂಥವನ್ನೇ ಹೊರತಂದರು. ಆದರೆ ಕಂದಕಗಳಲ್ಲಿ ವರ್ಷಗಟ್ಟಲೆ ಕಳೆದ ಅನೇಕ ಸೈನಿಕರು ಇದು ತಮ್ಮದೇ ಕಥೆಯೆಂದರು. ರಣರಂಗ ಕಂಡಿದ್ದ ನಾಟಕಕಾರ ಕಾರ್ಲ್ ತ್ಸುಕ್‌ಮಯರ್ ಮನಸಾರೆ ಮೆಚ್ಚಿ ಬರೆದರು. ಲೇಖಕನ ಸೇವಾವಧಿ ಎಷ್ಟೆಂಬುದು ಒಂದು ಪ್ರಶ್ನೆ. ಅವನು ಕಂಡುದು ನಿಜವೇ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸಿಕ್ಕಿದ ಮಾತ್ರಕ್ಕೆ ಎರಡನೆಯದು ಇತ್ಯರ್ಥವಾಗುವುದಿಲ್ಲ.

ಎರಡನೆಯ ಆಕ್ಷೇಪ ರಾಷ್ಟ್ರಾಭಿಮಾನಿಗಳದು. ತ್ಯಾಗ, ಶೌರ್ಯ, ಧ್ಯೇಯಗಳಿಗೆ ಇಲ್ಲಿ ಸ್ಥಳವೆಲ್ಲಿ ಎಂದು ಅವರು ಕೇಳಿದರು. ಅವರ ಕೈಯಲ್ಲಿ ಇನ್ನೊಂದು ಪುಸ್ತಕವಿತ್ತು. ಹಲವು ಬಾರಿ ಗಾಯಗೊಂಡು, ಪ್ರಷ್ಯಾದ ಅತ್ಯುಚ್ಚ ಶೌರ್ಯಪದಕ ಪಡೆದ ಎರ್ನ್‌ಸ್ಟ್ ಯುಂಗರ್ 1920ರಲ್ಲಿ ಪ್ರಕಟಿಸಿದ ಯುದ್ಧದ ನೆನಪುಗಳು ಕದನವನ್ನು ಮನುಷ್ಯನನ್ನು ಗಟ್ಟಿಗೊಳಿಸುವ ಮಹಾನುಭವವೆಂದು ಕಂಡಿದ್ದವು. ಅದೇ ಕೆಸರು, ಅದೇ ಗುಂಡಿನ ಮಳೆ. ನೋಡಿದ ಕಣ್ಣುಗಳು ಬೇರೆ. ಬ್ರಿಟನ್ನಿನಲ್ಲೂ 1930ರಲ್ಲಿ ಡಗ್ಲಸ್ ಜೆರಾಲ್ಡ್ ಇಂಥ ಯುದ್ಧಕಥೆಗಳನ್ನು ಖಂಡಿಸುವ ಕಿರುಹೊತ್ತಗೆ ಬರೆದರು. ಒಬ್ಬೊಬ್ಬನ ನೋವನ್ನು ಮಾತ್ರ ಹೇಳಿ, ರಾಷ್ಟ್ರಗಳು ಯಾವುದಕ್ಕಾಗಿ ಹೋರಾಡಿದವೆಂಬುದನ್ನು ಮರೆಮಾಚುವುದೂ ಸುಳ್ಳೇ ಎಂಬುದು ಅವರ ವಾದವಾಗಿತ್ತು. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಗನನ್ನು ಕಳೆದುಕೊಂಡ ತಂದೆಗೆ, ಅವನ ಸಾವಿಗೆ ಅರ್ಥವೇ ಇರಲಿಲ್ಲವೆಂದು ಹೇಳುವುದು ಎರಡನೆಯ ಸಾವೇ ಸರಿ.

ಮೂರನೆಯ ಆಕ್ಷೇಪ ಎಡಪಂಥೀಯರದು. ಯುದ್ಧ ಸಿಡಿಲಿನಂತೆ ಆಕಾಶದಿಂದ ಎರಗುವುದಿಲ್ಲ. ಅದನ್ನು ಬಯಸುವವರು, ಅದರಿಂದ ಲಾಭ ಪಡೆಯುವವರು ಇರುತ್ತಾರೆ. ಕಾದಂಬರಿ ಅವರನ್ನು ಹೆಸರಿಸುವುದೇ ಇಲ್ಲ ಎಂದು ಅವರು ದೂರಿದರು. ಯುದ್ಧಗಳು ಹೇಗೆ ಹುಟ್ಟುತ್ತವೆಂದು ಕಥೆಯ ಹುಡುಗರು ಒಮ್ಮೆ ಚರ್ಚಿಸುವುದುಂಟು. ಉತ್ತರ ಕಾಣದೆ ಮಾತು ನಿಲ್ಲಿಸುತ್ತಾರೆ. ಹತ್ತೊಂಬತ್ತು ವರ್ಷದ ಸಿಪಾಯಿಗೆ ಅಷ್ಟು ಮಾತ್ರ ತಿಳಿದಿರುತ್ತದೆಂಬುದು ಲೇಖಕರ ಪಕ್ಷದವರ ಸಮಾಧಾನ.

ಅಮೆರಿಕದ ಓದುಗರ ತಕರಾರು ಇನ್ನೊಂದು ಬಗೆಯದು. ಅಲ್ಲಿನ ಪುಸ್ತಕ ಸಂಘವೊಂದರ ಕೋರಿಕೆಯಂತೆ, ಸೈನಿಕರು ಬಯಲಲ್ಲಿ ಶೌಚಕ್ಕೆ ಕುಳಿತು ಹರಟುವ ಪ್ರಸಂಗವನ್ನೂ, ಆಸ್ಪತ್ರೆಗೆ ಬಂದ ಹೆಂಡತಿಯ ಪ್ರಸಂಗವನ್ನೂ ಮೊದಲ ಮುದ್ರಣದಿಂದ ತೆಗೆದುಹಾಕಲಾಯಿತು. ದೇಹಗಳು ಛಿದ್ರವಾಗುವ ಪುಟಗಳು ಮಾತ್ರ ಹಾಗೆಯೇ ಉಳಿದವು. ನಾವು ಯಾವುದಕ್ಕೆ ನಾಚುತ್ತೇವೆ, ಯಾವುದಕ್ಕೆ ನಾಚುವುದಿಲ್ಲ ಎಂಬುದನ್ನು ಇದು ತೋರಿಸಿಕೊಡುತ್ತದೆ.

ಭಕ್ತರಾದ ಓದುಗರನ್ನು ಇರಿಸುಮುರಿಸುಗೊಳಿಸುವ ಪುಟವೂ ಇದರಲ್ಲಿದೆ. ಗಾಯಗೊಂಡ ಪೌಲ್ ಕಥೋಲಿಕ ಆಸ್ಪತ್ರೆಯೊಂದರಲ್ಲಿ ಮಲಗಿರುತ್ತಾನೆ. ಮುಂಜಾನೆ ಧರ್ಮಭಗಿನಿಯರು ಬಾಗಿಲು ತೆರೆದಿಟ್ಟು ಪಡಸಾಲೆಯಲ್ಲಿ ಪ್ರಾರ್ಥಿಸುತ್ತಾರೆ. ರಾತ್ರಿಯಿಡೀ ನೋವಿನಿಂದ ನರಳಿ ಆಗತಾನೆ ಕಣ್ಣುಮುಚ್ಚಿದ ರೋಗಿಗಳು ಬಾಗಿಲು ಹಾಕಿರೆಂದು ಬೇಡಿದರೂ ಅವರು ಕೇಳುವುದಿಲ್ಲ. ಪೌಲ್ ಸೀಸೆಯೊಂದನ್ನು ಎಸೆದು ಒಡೆಯುತ್ತಾನೆ. ಇದು ಧರ್ಮನಿಂದೆಯೇ? ಹಾಗೆ ಓದುವವರು ಅದೇ ಅಧ್ಯಾಯವನ್ನು ಮುಂದಕ್ಕೂ ಓದಬೇಕು. ಅಲ್ಲಿ ಸಿಸ್ಟರ್ ಲಿಬರ್ಟೀನ್ ಎಂಬ ಭಗಿನಿ ಬಂದರೆ ಆಸ್ಪತ್ರೆಯ ಆ ಭಾಗವೆಲ್ಲ ನಗುತ್ತದೆ. ಅವರಿಗಾಗಿ ಏನನ್ನಾದರೂ ಮಾಡಲು ರೋಗಿಗಳು ಸಿದ್ಧ. ಪ್ರಾರ್ಥನೆಯನ್ನು ಲೇಖಕರು ಹಳಿದಿಲ್ಲ. ಪಕ್ಕದಲ್ಲಿ ನರಳುವವನ ದನಿ ಕೇಳಿಸದ ಪ್ರಾರ್ಥನೆಯನ್ನು ಮಾತ್ರ ತೋರಿಸಿದ್ದಾರೆ. ಶುಭಸಂದೇಶದ ಸಮಾರಿಯದವನ ಸಾಮತಿಯನ್ನು ಬಲ್ಲ ನಮಗೆ ಇದು ಹೊಸ ಪಾಠವೇನಲ್ಲ.

ಮಾತು ಬೆಂಕಿಯಾದಾಗ

ಇಲ್ಲಿಯವರೆಗಿನದು ಭಿನ್ನಾಭಿಪ್ರಾಯ. ಅದು ಆರೋಗ್ಯದ ಲಕ್ಷಣ. ಆದರೆ 1930ರ ಡಿಸೆಂಬರಿನಲ್ಲಿ ಈ ಕಥೆಯ ಅಮೆರಿಕನ್ ಚಲನಚಿತ್ರ ಬರ್ಲಿನ್‌ಗೆ ಬಂದಾಗ ವಾದದ ಸ್ವರೂಪವೇ ಬದಲಾಯಿತು. ಗೋಬೆಲ್ಸ್ ನೇತೃತ್ವದಲ್ಲಿ ನಾಜಿಗಳು ಚಿತ್ರಮಂದಿರಕ್ಕೆ ನುಗ್ಗಿ ದುರ್ನಾತದ ಗುಂಡುಗಳನ್ನೆಸೆದರು, ಬಿಳಿ ಇಲಿಗಳನ್ನು ಬಿಟ್ಟರು. ಗಲಭೆ ಮಾಡಿದವರನ್ನು ತಡೆಯಬೇಕಾದ ಸರ್ಕಾರ ಒಂದೇ ವಾರದಲ್ಲಿ ಚಿತ್ರವನ್ನೇ ನಿಷೇಧಿಸಿತು. ಲೇಖಕರ ನಿಜನಾಮ ಕ್ರಾಮರ್, ಆತ ಯೆಹೂದ್ಯ ಎಂಬ ಸುಳ್ಳು ಹಬ್ಬಿತು. ರೆಮಾರ್ಕ್ ಎಂಬುದನ್ನು ತಿರುವುಮುರುವಾಗಿ ಓದಿ ಹೆಣೆದ ಕಟ್ಟುಕಥೆ ಅದು. 1933ರ ಮೇ 10ರ ರಾತ್ರಿ ಬರ್ಲಿನ್ನಿನ ಚೌಕದಲ್ಲಿ ವಿದ್ಯಾರ್ಥಿಗಳು ಪುಸ್ತಕಗಳನ್ನು ಬೆಂಕಿಗೆಸೆದಾಗ, ಸೈನಿಕರಿಗೆ ದ್ರೋಹ ಬಗೆದವರೆಂದು ಸಾರಿ ರೆಮಾರ್ಕ್ ಅವರ ಪುಸ್ತಕವನ್ನೂ ಸುಟ್ಟರು. 1938ರಲ್ಲಿ ಅವರ ಪೌರತ್ವ ಕಿತ್ತುಕೊಳ್ಳಲಾಯಿತು.

ಲೇಖಕರು ದೇಶ ಬಿಟ್ಟು ಪಾರಾದರು. ಆದರೆ ಡ್ರೆಸ್ಡೆನ್ ನಗರದಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದ ತಂಗಿ ಎಲ್‌ಫ್ರೀಡೆ ಪಾರಾಗಲಿಲ್ಲ. ಈ ಯುದ್ಧದಲ್ಲಿ ನಾವು ಸೋತಂತೆಯೇ ಎಂಬ ಅರ್ಥದ ಮಾತನ್ನು ಪರಿಚಿತರ ಮುಂದೆ ಆಡಿದ್ದಕ್ಕೆ ಆಕೆಯ ಮೇಲೆ ದೂರು ಹೋಯಿತು. 1943ರಲ್ಲಿ ನಡೆದ ವಿಚಾರಣೆಯಲ್ಲಿ ನ್ಯಾಯಾಧೀಶ ಫ್ರೈಸ್ಲರ್, ಅಣ್ಣ ತಪ್ಪಿಸಿಕೊಂಡರೂ ನೀನು ತಪ್ಪಿಸಿಕೊಳ್ಳಲಾರೆ ಎಂಬರ್ಥದ ಮಾತನಾಡಿದನೆಂದು ಹೇಳುತ್ತಾರೆ. ಆ ವರ್ಷದ ಡಿಸೆಂಬರ್ 16ರಂದು ಆಕೆಯ ಶಿರಚ್ಛೇದವಾಯಿತು. ಒಂದು ಕಾದಂಬರಿಯನ್ನು ಕುರಿತ ಜಗಳ, ಹದಿನಾಲ್ಕು ವರ್ಷಗಳ ಬಳಿಕ ಅದನ್ನು ಬರೆಯದ ಹೆಣ್ಣುಮಗಳೊಬ್ಬಳ ಕೊರಳಿಗೆ ಬಂದಿತು. 1952ರ ತಮ್ಮ ಕಾದಂಬರಿಯೊಂದನ್ನು ರೆಮಾರ್ಕ್ ಈ ತಂಗಿಯ ನೆನಪಿಗೆ ಅರ್ಪಿಸಿದರು.

ಇಂದಿನ ಓದು

ಚರ್ಚೆ ಇನ್ನೂ ನಿಂತಿಲ್ಲ. ಈ ಪುಸ್ತಕ ಹೇಳುವುದು 1917ರ ಯುದ್ಧಕ್ಕಿಂತ ಹೆಚ್ಚಾಗಿ 1928ರ ನಿರಾಶ ಮನಸ್ಸನ್ನು ಎಂದು ಇತಿಹಾಸಕಾರ ಮೋಡ್ರಿಸ್ ಎಕ್‌ಸ್ಟೈನ್ಸ್ ವಾದಿಸಿದ್ದಾರೆ. 2022ರಲ್ಲಿ ಜರ್ಮನರೇ ತೆಗೆದ ಚಲನಚಿತ್ರ ನಾಲ್ಕು ಆಸ್ಕರ್ ಪಡೆಯಿತು. ಮೂಲದಿಂದ ಬಹುದೂರ ಸರಿದಿದೆಯೆಂದು ಜರ್ಮನಿಯಲ್ಲೇ ಟೀಕೆಗೂ ಒಳಗಾಯಿತು. ಅದರಲ್ಲಿ ಹೊಸದಾಗಿ ಸೇರಿಸಿದ ಪಾತ್ರಗಳಲ್ಲಿ ಒಬ್ಬರು ಮಥಿಯಾಸ್ ಎರ್ಟ್ಸ್‌ಬೆರ್ಗರ್. ಕಥೋಲಿಕರ ಸೆಂಟರ್ ಪಕ್ಷದ ನಾಯಕರಾದ ಇವರು 1918ರ ನವೆಂಬರ್ 11ರಂದು ಕದನವಿರಾಮಕ್ಕೆ ಸಹಿ ಹಾಕಿದವರು. ಆ ಸಹಿಯನ್ನು ದ್ರೋಹವೆಂದು ಓದಿದವರು 1921ರಲ್ಲಿ ಅವರನ್ನು ಗುಂಡಿಕ್ಕಿ ಕೊಂದರು.

ಈ ಯುದ್ಧ ನಮಗೆ ದೂರದ್ದೆಂದು ಭಾವಿಸಬೇಕಿಲ್ಲ. ರೆಮಾರ್ಕ್ ಗಾಯಗೊಂಡ ಫ್ಲಾಂಡರ್ಸ್ ನೆಲದಲ್ಲೇ 1914ರಲ್ಲಿ ಭಾರತದ ಸಿಪಾಯಿಗಳು ಹೋರಾಡಿ ಮಡಿದಿದ್ದರು. ಈಪ್ರ್ ನಗರದ ಮೆನಿನ್ ದ್ವಾರದ ಗೋಡೆಗಳಲ್ಲಿ ಅವರ ಹೆಸರುಗಳೂ ಇವೆ. ಮೈಸೂರು ಲ್ಯಾನ್ಸರ್ಸ್ ದಳದ ಸವಾರರು 1918ರ ಸೆಪ್ಟೆಂಬರ್ 23ರಂದು ಪವಿತ್ರನಾಡಿನ ಹೈಫಾದಲ್ಲಿ ಕಾದಿದರು. ಅವರ ವಿಜಯವನ್ನು ನಾವು ಸ್ಮರಿಸುತ್ತೇವೆ. ಅವರ ಮನೆಗಳಲ್ಲಿ ಯಾರು ಏನನ್ನು ನೆನೆದರೆಂಬುದನ್ನು ಕೇಳಿದವರು ಕಡಿಮೆ.

ಕಾದಂಬರಿಯ ಒಂದು ಪ್ರಸಂಗವನ್ನು ನೆನೆದು ಮುಗಿಸುತ್ತೇನೆ. ಸಿಡಿಗುಂಡಿನ ಹಳ್ಳವೊಂದರಲ್ಲಿ ಪೌಲ್ ಫ್ರೆಂಚ್ ಸೈನಿಕನೊಬ್ಬನನ್ನು ಇರಿಯುತ್ತಾನೆ. ಅವನು ಸಾಯಲು ಗಂಟೆಗಳೇ ಹಿಡಿಯುತ್ತವೆ. ಪೌಲ್ ಅವನಿಗೆ ನೀರು ಕೊಡುತ್ತಾನೆ. ಸತ್ತ ಮೇಲೆ ಜೇಬಿನ ಚೀಲ ತೆರೆದಾಗ ಹೆಂಡತಿ, ಮಗಳ ಚಿತ್ರ ಸಿಗುತ್ತದೆ. ಅವನು ಮುದ್ರಣಾಲಯದ ಕೆಲಸಗಾರನೆಂದು ತಿಳಿಯುತ್ತದೆ. ಅವನ ಮನೆಯವರಿಗಾಗಿ ಬದುಕುವೆನೆಂದು ಪೌಲ್ ಮಾತು ಕೊಡುತ್ತಾನೆ. ಮರುದಿನ ಗೆಳೆಯರ ನಡುವೆ ಆ ಮಾತು ಸಡಿಲವಾಗುತ್ತದೆ. ಕೆಲವು ಓದುಗರಿಗೆ ಹಳ್ಳದಲ್ಲಿ ಕೊಟ್ಟ ಮಾತು ಸತ್ಯ. ಕೆಲವರಿಗೆ ಮರುದಿನದ ಮರೆವು ಸತ್ಯ. ನನಗೆ ಎರಡೂ ಸತ್ಯವೆಂದೇ ತೋರುತ್ತದೆ. ಕಣ್ಣೆದುರು ಮುಖ ಕಂಡಾಗ ಶತ್ರು ಸಹೋದರನಾಗುತ್ತಾನೆ. ಗುಂಪಿಗೆ ಮರಳಿದಾಗ ಮತ್ತೆ ಶತ್ರುವಾಗುತ್ತಾನೆ.

ಮನೆಯಲ್ಲಿ ಬೆಳೆಯುವ ಮಕ್ಕಳಿರುವ ಓದುಗರು ಈ ಪುಸ್ತಕವನ್ನು ಅವರೊಡನೆ ಕೂತು ಓದಲಿ ಎಂಬುದು ನನ್ನ ಬಿನ್ನಹ. ಅಜ್ಜನಿಗೆ ಒಂದು ಅನಿಸೀತು, ಮೊಮ್ಮಗಳಿಗೆ ಇನ್ನೊಂದು. ಅನಿಸಲಿ. ಒಂದೇ ಪುಸ್ತಕದ ಮುಂದೆ ಇಬ್ಬರು ಬೇರೆ ಬೇರೆ ಮಾತಾಡಿಯೂ ಒಂದೇ ಊಟದ ಮಣೆಗೆ ಮರಳಬಲ್ಲ ಮನೆಯಲ್ಲಿ ಕಾಂಟೊರೆಕ್ ಉಪಾಧ್ಯಾಯರ ಭಾಷಣಕ್ಕೆ ಬೇಗ ಮರುಳಾಗುವ ಮಕ್ಕಳು ಬೆಳೆಯಲಾರರು.